ಹಿತ್ತಲ ತರಗೆಲೆ ಸುಡಬೇಕಾ, ಇಟ್ಟುಕೊಳ್ಳಬೇಕಾ? ಮಳೆಗಾಲಕ್ಕೆ ಮೊದಲು ಸಲಹೆ ಬೇಕು

ಕೋಡಿಬಾಗ ಹಿತ್ತಲು, ಕಾರವಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೋಡಿಬಾಗದಲ್ಲಿ ಹಳೇ ಮನೆ. ಹಿತ್ತಲಲ್ಲಿ ಮಾವು, ಹಲಸು, ತೆಂಗು ಇವೆ. ಗೇಟಿನ ಪಕ್ಕ ದೊಡ್ಡದೊಂದು ಕಾಡು ಬಾದಾಮಿ ಮರ ಇದೆ. ಬೇಸಿಗೆಯಲ್ಲಿ ಬಿದ್ದ ಎಲೆಯನ್ನೆಲ್ಲ ಗುಡಿಸಿ ಒಂದು ಮೂಲೆಗೆ ಹಾಕಿದ್ದೇನೆ. ಈಗ ಅದು ಸೊಂಟದೆತ್ತರ ಆಗಿದೆ.

ಅಕ್ಕಪಕ್ಕದವರೆಲ್ಲ ಮಳೆ ಬರುವ ಮೊದಲು ಸುಟ್ಟುಬಿಡಿ ಎನ್ನುತ್ತಿದ್ದಾರೆ. ಹಾವು ಸೇರುತ್ತದೆ, ಸೊಳ್ಳೆ ಆಗುತ್ತದೆ, ದೊಡ್ಡ ಬಸವನಹುಳು ಬರುತ್ತದೆ ಎಂಬುದು ಅವರ ಮಾತು. ಬಸವನಹುಳುವಿನ ಕಾಟ ಇರುವುದಂತೂ ನಿಜ. ಹೋದ ಮಳೆಗಾಲದಲ್ಲಿ ಬೆಂಡೆ, ಹರಿವೆ ಸಸಿಗಳನ್ನು ರಾತ್ರೋರಾತ್ರಿ ತಿಂದು ಹಾಕಿತ್ತು.

ಹಿತ್ತಲಿನ ಅರ್ಧ ಭಾಗ ಮರಳು. ಉಳಿದರ್ಧಕ್ಕೆ ಯಾವಾಗಲೋ ತುಂಬಿಸಿದ ಕೆಂಪು ಚಿರೇಕಲ್ಲಿನ ಮಣ್ಣು. ಬಾವಿ ನೀರು ಮೇ ತಿಂಗಳಲ್ಲಿ ಸ್ವಲ್ಪ ಉಪ್ಪಾಗುತ್ತದೆ. ರಾಸಾಯನಿಕ ಗೊಬ್ಬರ, ಔಷಧಿ ಏನೂ ಹಾಕದೆ ಮನೆಗೆ ಬೇಕಾದಷ್ಟು ತರಕಾರಿ ಬೆಳೆಯಬೇಕು ಎಂಬ ಆಸೆ. ಈ ಎಲೆ ರಾಶಿಯನ್ನು ಏನು ಮಾಡಲಿ? ತಿಳಿದವರು ಹೇಳಿ.

ಬೆಟ್ಟದಂಚು, ಸಿರ್ಸಿ

ತಂಗೀ, ಬೆಂಕಿ ಮಾತ್ರ ಹಚ್ಚಬೇಡಿ. ನಿಮ್ಮ ಹಿತ್ತಲಿಗೆ ಬೇಕಾದ ಗೊಬ್ಬರ ಅಲ್ಲೇ ಮೂಲೆಯಲ್ಲಿ ಬಿದ್ದಿದೆ.

ನಮ್ಮ ಜಿಲ್ಲೆಯ ಮಣ್ಣಿನ ಸ್ವಭಾವ ಮೊದಲು ತಿಳಿಯಬೇಕು. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಇಷ್ಟು ನೀರು ಸಾವಿರಾರು ವರ್ಷ ಇಳಿದು ಇಳಿದು ಮಣ್ಣಿನ ಸುಣ್ಣ, ಪೊಟ್ಯಾಶ್ ಎಲ್ಲವನ್ನೂ ತೊಳೆದುಕೊಂಡು ಹೋಗಿದೆ. ಉಳಿದಿರುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಜಾಸ್ತಿ ಇರುವ ಮಣ್ಣು. ಅದಕ್ಕೇ ಅದು ಕೆಂಪು, ಅದಕ್ಕೇ ಹುಳಿ. ರಂಜಕ ಕೊಟ್ಟರೂ ಆ ಕಬ್ಬಿಣವೇ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಸಾರ ಹಿಡಿದಿಟ್ಟುಕೊಳ್ಳುವ ಶಕ್ತಿ ಈ ಜೇಡಿಗೆ ತೀರಾ ಕಡಿಮೆ. ಮರಳಿಗಂತೂ ಇಲ್ಲವೇ ಇಲ್ಲ. ಹಿಡಿದಿಡುವುದು ಕೊಳೆತ ಎಲೆ ಒಂದೇ. ಅಂಗಡಿಯಿಂದ ಚೀಲಗಟ್ಟಲೆ ಗೊಬ್ಬರ ತಂದು ಸುರಿದರೂ ಎಲೆಯ ಅಂಶ ಇಲ್ಲದ ನೆಲದಲ್ಲಿ ಅದು ಆಷಾಢದೊಳಗೆ ಹಳ್ಳ ಸೇರುತ್ತದೆ.

ಘಟ್ಟದ ಮೇಲಿನ ನಮ್ಮ ಅಡಿಕೆ ತೋಟಗಳು ನಿಂತಿರುವುದೇ ಇದರ ಮೇಲೆ. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ಎಲೆ ತರುವ ಕಾಡು, ಎಂದು ಬ್ರಿಟಿಷರ ಕಾಲದಿಂದ ಬಂದ ಸವಲತ್ತು ಸಿರ್ಸಿ, ಸಿದ್ದಾಪುರ, ಯಲ್ಲಾಪುರದಲ್ಲಿದೆ. ಹಸಿ ಸೊಪ್ಪು, ದರಕು (ಒಣ ತರಗೆಲೆ) ಎರಡನ್ನೂ ಕೊಟ್ಟಿಗೆಗೆ ಹಾಸುತ್ತೇವೆ. ಅದು ಸಗಣಿ, ಗಂಜಲದ ಜೊತೆ ಕಲೆತು ಗೊಬ್ಬರಗುಂಡಿಗೆ ಹೋಗುತ್ತದೆ. ಅಲ್ಲಿಂದ ತೋಟಕ್ಕೆ. ಒಂದು ಎಕರೆಗೆ ಅಷ್ಟು ಬೆಟ್ಟ ಯಾಕೆ ಬೇಕಾಯಿತು ಎಂದು ಯೋಚಿಸಿದರೆ ಈ ಮಣ್ಣಿಗೆ ಎಷ್ಟು ಎಲೆ ಬೇಕು ಎನ್ನುವುದು ತಿಳಿಯುತ್ತದೆ.

ಸುಟ್ಟರೆ ಎಲೆಯಲ್ಲಿದ್ದ ಸಾರಜನಕ, ಗಂಧಕ ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಶ್, ಸುಣ್ಣ ಉಳಿಯುತ್ತದೆ, ಆದರೆ ನೆಲದ ಮೇಲೆ ಹಾಗೇ ಬಿದ್ದ ಬೂದಿ ಮೊದಲ ಮಳೆಗೇ ತೊಳೆದುಹೋಗುತ್ತದೆ.

ಮಾಡುವ ಕ್ರಮ ಹೀಗೆ. ಕೋಡಿಬಾಗದಲ್ಲಿ ಗುಂಡಿ ತೋಡಬೇಡಿ. ಮಳೆಗಾಲದಲ್ಲಿ ನೀರು ಅಲ್ಲೇ ಮೇಲೆ ಬಂದು ಗೊಬ್ಬರ ನಾರುತ್ತದೆ. ನೆಲದ ಮೇಲೆಯೇ ನಾಲ್ಕು ಗೂಟ ಹುಗಿದು ತೆಂಗಿನ ಮಡಲು ಸುತ್ತಿ ಗೂಡು ಮಾಡಿ. ಒಂದು ಮೊಳ ಒಣ ಎಲೆ, ಅದರ ಮೇಲೆ ಒಂದು ಗೇಣು ಹಸಿ ಸೊಪ್ಪು, ಸ್ವಲ್ಪ ಸಗಣಿ ನೀರು, ಒಂದೆರಡು ಬುಟ್ಟಿ ಮಣ್ಣು. ಹೀಗೇ ಪದರ ಪದರವಾಗಿ ತುಂಬಿ. ಮಾವಿನ ಎಲೆ, ಬಾದಾಮಿ ಎಲೆ ದಪ್ಪ. ಅವನ್ನು ತುಳಿದು ಮುರಿದು ಹಾಕಿ, ಇಲ್ಲದಿದ್ದರೆ ಒಂದರ ಮೇಲೊಂದು ಅಂಟಿ ಕೂರುತ್ತವೆ. ಹಸಿ ಸೊಪ್ಪಿಗೆ ಗ್ಲಿರಿಸಿಡಿಯಾ ಎಲ್ಲಕ್ಕಿಂತ ಒಳ್ಳೆಯದು. ಬೇಲಿಗೆ ಅದರ ಗೂಟ ನೆಟ್ಟರೆ ಸಾಕು, ಚಿಗುರುತ್ತದೆ. ಮೇಲೆ ಮಡಲು ಮುಚ್ಚಿ. ನೇರ ಮಳೆ ಬಿದ್ದರೆ ಸಾರ ಇಳಿದುಹೋಗುತ್ತದೆ. ಈಗ ತುಂಬಿದರೆ ದೀಪಾವಳಿ ಹೊತ್ತಿಗೆ ಅಡಿಯಿಂದ ಕಪ್ಪು ಗೊಬ್ಬರ ಸಿಗುತ್ತದೆ.

ಬಸಳೆ ಚಪ್ಪರ, ಅಂಕೋಲಾ

ಬೆಟ್ಟದಂಚು ಮಾವ ಹೇಳಿದ್ದು ತೋಟಕ್ಕೆ ಸರಿ. ತರಕಾರಿ ಮಡಿಗೆ ಒಂದು ಮಾತು ಸೇರಿಸಲೇಬೇಕು. ಕರಾವಳಿಯಲ್ಲಿ ಜೂನ್, ಜುಲೈ ತಿಂಗಳಲ್ಲಿ ಸಸಿ ಬುಡಕ್ಕೆ ಎಲೆ ಮುಚ್ಚಿದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ಒಂದು, ಬುಡ ಕೊಳೆಯುತ್ತದೆ. ಎರಡು, ಬಸವನಹುಳು ಹಗಲಿಡೀ ಎಲೆಯಡಿ ತಂಪಾಗಿ ಮಲಗಿದ್ದು ರಾತ್ರಿ ಊಟಕ್ಕೆ ಏಳುತ್ತದೆ. ಆಗ ಅದು ದೂರ ನಡೆಯಬೇಕಾಗಿಯೇ ಇಲ್ಲ.

ನಮ್ಮಲ್ಲಿ ಮಳೆಗಾಲದ ಮಡಿ ಏರಿಸಿಯೇ ಮಾಡುವುದು. ಒಂದು ಗೇಣಿಗಿಂತ ಜಾಸ್ತಿ ಎತ್ತರ, ಸುತ್ತ ನೀರು ಬಸಿಯಲು ಕಾಲುವೆ. ಮೇಲ್ಮೈ ಬೋಳು. ಹಾಲು ಬೆಂಡೆ, ಮೊಗೆಕಾಯಿ, ಹೀರೆ, ಪಡುವಲ ಆ ಏರು ಮಡಿಯಲ್ಲಿ. ಹರಿವೆ ಬೀಜ ಜೋರು ಮಳೆಗೆ ತೊಳೆದುಹೋಗುತ್ತದೆ, ಅದನ್ನು ಮಾಡಿನಡಿ ಬುಟ್ಟಿಯಲ್ಲೋ ಟ್ರೇಯಲ್ಲೋ ಸಸಿ ಮಾಡಿ ಆಮೇಲೆ ನೆಡಬೇಕು. ನಾಲ್ಕು ಎಲೆ ಗಟ್ಟಿಯಾದ ಮೇಲೆ ಹುಳುವಿಗೂ ಅಷ್ಟು ಬೇಗ ಸೋಲುವುದಿಲ್ಲ.

ಮಳೆ ಕಡಿಮೆಯಾಗಿ ಚೌತಿ ಕಳೆದು ನವರಾತ್ರಿ ಹತ್ತಿರ ಬಂತಲ್ಲ, ಆಗ ಮುಚ್ಚಿಗೆ ಶುರು. ಅಲ್ಲಿಂದ ಮೇ ತನಕ ನೆಲ ಕಾಣದ ಹಾಗೆ ಎಲೆ ಮುಚ್ಚಿ. ನೀರು ಹಾಕುವುದು ಅರ್ಧಕ್ಕೆ ಇಳಿಯುತ್ತದೆ. ಎಲೆ ಅದೇ, ಹಾಕುವ ಕಾಲ ಮಾತ್ರ ಬೇರೆ. ಮಳೆಗಾಲದಲ್ಲಿ ಎಲೆಗೆ ಗೂಡು, ಬೇಸಿಗೆಯಲ್ಲಿ ಮಡಿ.

ಮಿಂಚುಹುಳ, ಯಲ್ಲಾಪುರ

ಬಸಳೆ ಚಪ್ಪರ ಅಕ್ಕನ ಮಾತಿಗೆ ನೂರಕ್ಕೆ ನೂರು ಒಪ್ಪಿಗೆ. ಆ ದೊಡ್ಡ ಬಸವನಹುಳುವಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಶತ್ರುವಿನ ದಿನಚರಿ ಗೊತ್ತಿದ್ದರೆ ಔಷಧಿ ಬೇಕಾಗುವುದಿಲ್ಲ.

ಅದು ನಮ್ಮ ನಾಡಿನದಲ್ಲ. ಪೂರ್ವ ಆಫ್ರಿಕಾದ ಹುಳು. 1847ರಲ್ಲಿ ಮಾರಿಷಸ್‌ನಿಂದ ಕೋಲ್ಕತ್ತಕ್ಕೆ ತಂದು ಬಿಟ್ಟದ್ದು ದೇಶವೆಲ್ಲ ಹರಡಿತು. ಒಂದೇ ಹುಳುವಿನಲ್ಲಿ ಗಂಡು, ಹೆಣ್ಣು ಎರಡೂ ಅಂಗ ಇರುವುದರಿಂದ ಪ್ರತಿ ಹುಳವೂ ಮೊಟ್ಟೆ ಇಡುತ್ತದೆ. ಒಂದು ಸಲಕ್ಕೆ ನೂರಕ್ಕೂ ಮೀರಿ. ಮೊಟ್ಟೆ ತಿಳಿ ಹಳದಿ ಬಣ್ಣದ ಸಾಬಕ್ಕಿ ಕಾಳಿನ ಹಾಗೆ, ಸಡಿಲ ಮಣ್ಣಿನಲ್ಲಿ ಗುಂಪಾಗಿ ಸಿಗುತ್ತದೆ. ಸಿಕ್ಕಿದರೆ ತೆಗೆದು ಜಜ್ಜಿಬಿಡಿ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿ ಮುಚ್ಚಿಕೊಂಡು ಗೋಡೆ ಸಂದಿ, ಕಲ್ಲಿನ ರಾಶಿ, ಇಟ್ಟಿಗೆ ಮರೆಯಲ್ಲಿ ನಿದ್ದೆ ಹೋಗಿರುತ್ತದೆ. ಮೊದಲ ಮಳೆಗೆ ಏಳುತ್ತದೆ. ಹಾಗಾಗಿ ಹುಡುಕಿ ಹಿಡಿಯಲು ಸರಿಯಾದ ಕಾಲ ಈಗಲೇ, ಮಳೆ ಬೀಳುವ ಮೊದಲು. ಮಲಗಿದ ಒಂದನ್ನು ತೆಗೆದರೆ ಮುಂದಿನ ಮಳೆಗಾಲದ ಒಂದು ಸಂಸಾರವನ್ನೇ ತೆಗೆದಂತೆ.

ಮಳೆ ಶುರುವಾದ ಮೇಲೆ ಸಂಜೆ ಹೊತ್ತು ಒಂದು ಒದ್ದೆ ಗೋಣಿಚೀಲ ಹಾಸಿ. ಅದರಡಿ ಪಪ್ಪಾಯಿ ಎಲೆ ಅಥವಾ ಕೋಸಿನ ಹೊರ ಎಲೆ ಇಡಿ. ವಾಸನೆಗೆ ಬಂದು ಸೇರುತ್ತವೆ. ಬೆಳಗ್ಗೆ ಆರಿಸಿ ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಮಡಿಯ ಮೇಲೆ ಉಪ್ಪು ಎರಚಬೇಡಿ. ನಿಮ್ಮದು ಮೊದಲೇ ಉಪ್ಪಿನ ನೆಲ. ಬರಿಗೈಯಲ್ಲಿ ಮುಟ್ಟಲೂಬೇಡಿ. ಮಿದುಳಿಗೆ ತೊಂದರೆ ಕೊಡುವ ಒಂದು ಜಾತಿಯ ಜಂತು ಈ ಹುಳುವಿನಲ್ಲಿ ಇರಬಹುದು. ಕೈಗೆ ಚೀಲ ಕಟ್ಟಿಕೊಳ್ಳಿ, ಆಮೇಲೆ ಸೋಪು ಹಾಕಿ ತೊಳೆಯಿರಿ. ಮಕ್ಕಳನ್ನು ಆರಿಸಲು ಕಳಿಸಬೇಡಿ. ಮಳೆಗಾಲದಲ್ಲಿ ಹಿತ್ತಲ ಸೊಪ್ಪನ್ನು ಹಸಿಯಾಗಿ ತಿನ್ನುವುದು ಬೇಡ.

ಇನ್ನು ಮುಖ್ಯ ವಿಷಯ. ಈ ಹುಳುವನ್ನು ತಿನ್ನುವವರು ನಿಮ್ಮ ಹಿತ್ತಲಲ್ಲೇ ಇದ್ದಾರೆ. ಕೆಂಪು ರೆಕ್ಕೆಯ ಕೆಂಬೂತ ನೋಡಿರುತ್ತೀರಿ. ಅದು ಪೊದೆಯಡಿ ನಡೆದಾಡಿ ಬಸವನಹುಳು ಹಿಡಿದು ತಿನ್ನುತ್ತದೆ. ಮಿಂಚುಹುಳುವಿನ ಮರಿಯೂ ಬಸವನಹುಳುಗಳನ್ನೇ ತಿಂದು ಬೆಳೆಯುತ್ತದೆ. ಮಳೆಗೆ ಮೊದಲು ಬೇಲಿ ತುಂಬ ಮಿನುಗುತ್ತವಲ್ಲ, ಅವುಗಳ ಬಾಲ್ಯವೆಲ್ಲ ಒದ್ದೆ ತರಗೆಲೆಯಡಿ ಕಳೆಯುತ್ತದೆ. ಎಲೆ ಸುಟ್ಟರೆ ಅವೂ ಸುಟ್ಟುಹೋಗುತ್ತವೆ. ಇನ್ನೊಂದು ವಿನಂತಿ, ಹಿತ್ತಲ ಕಡೆ ರಾತ್ರಿಯಿಡೀ ಉರಿಯುವ ಬಿಳಿ ಬಲ್ಬು ಇದ್ದರೆ ಆರಿಸಿ. ಆ ಬೆಳಕಿನಲ್ಲಿ ಗಂಡು ಮಿಂಚುಹುಳುವಿಗೆ ಹೆಣ್ಣಿನ ಮಿನುಗು ಕಾಣುವುದಿಲ್ಲ.

ಬೆರಳಿನ ಉಗುರಿನಷ್ಟಿರುವ ನಮ್ಮ ನಾಡಿನ ಸಣ್ಣ ಬಸವನಹುಳುಗಳನ್ನು ಕೊಲ್ಲಬೇಡಿ. ಅವುಗಳಲ್ಲಿ ಬಹಳಷ್ಟು ಕೊಳೆತ ಎಲೆ, ಪಾಚಿ ತಿಂದುಕೊಂಡಿರುವ ಪಾಪದ ಜೀವಗಳು.

ಮಲ್ಲಿಗೆ ಮನೆ, ಭಟ್ಕಳ

ಎಲ್ಲರೂ ಸುಡಬೇಡಿ ಎನ್ನುತ್ತಿದ್ದೀರಿ. ನಮ್ಮ ಅಜ್ಜಿ ಮಲ್ಲಿಗೆಗೂ ಬಸಳೆಗೂ ಸುಡುಮಣ್ಣು ಹಾಕುತ್ತಿದ್ದರು. ಈಗಲೂ ನಮ್ಮ ಕೇರಿಯಲ್ಲಿ ಹಾಕುತ್ತಾರೆ. ಗಿಡ ಚೆನ್ನಾಗಿಯೇ ಬರುತ್ತದೆ. ಅದೂ ಎಲೆ ಸುಟ್ಟು ಮಾಡುವುದೇ ಅಲ್ವಾ? ಹಿರಿಯರು ಮಾಡಿದ್ದು ತಪ್ಪು ಎಂದು ಹೇಳುವುದು ಸುಲಭ.

ಬೆಟ್ಟದಂಚು, ಸಿರ್ಸಿ

ತಪ್ಪು ಎಂದು ಯಾರೂ ಹೇಳಲಿಲ್ಲ ತಂಗೀ. ಸುಡುಮಣ್ಣು ಬೇರೆ, ರಾಶಿಗೆ ಕಡ್ಡಿ ಗೀರಿ ಉರಿಸುವುದು ಬೇರೆ. ಸುಡುಮಣ್ಣಿನಲ್ಲಿ ಕಸ ಕಡ್ಡಿಯ ಮೇಲೆ ಮಣ್ಣು ಮುಚ್ಚಿ, ಗಾಳಿ ಜಾಸ್ತಿ ಹೋಗದ ಹಾಗೆ ದಿನಗಟ್ಟಲೆ ಹೊಗೆಯಾಡಿಸುತ್ತಾರೆ. ಎಲೆ ಪೂರ್ತಿ ಬೂದಿಯಾಗದೆ ಒಂದಷ್ಟು ಇದ್ದಿಲಾಗಿ ಮಣ್ಣಿನಲ್ಲಿ ಬೆರೆಯುತ್ತದೆ. ಇದ್ದಿಲು ಸಾರ ಹಿಡಿದಿಡುತ್ತದೆ, ಬೂದಿ ಮಣ್ಣಿನ ಹುಳಿ ಇಳಿಸುತ್ತದೆ. ಆ ಮಣ್ಣಿನಲ್ಲಿದ್ದ ಕಳೆ ಬೀಜ, ಬೇರುಹುಳು ಸಾಯುತ್ತವೆ. ಸಸಿ ಮಡಿಗೆ, ಮಲ್ಲಿಗೆ ಬುಡಕ್ಕೆ ಬುಟ್ಟಿ ಲೆಕ್ಕದಲ್ಲಿ ಹಾಕಲು ಅದು ಒಳ್ಳೆಯದೇ. ನಿಮ್ಮ ಅಜ್ಜಿ ಅದರ ಜೊತೆ ಹಟ್ಟಿಗೊಬ್ಬರ, ಹಿಂಡಿ ನೀರು ಕೊಡುತ್ತಿದ್ದಿರಬೇಕು, ನೆನಪು ಮಾಡಿಕೊಳ್ಳಿ. ಸುಡುಮಣ್ಣಿನಲ್ಲಿ ಸಾರಜನಕ ಹೆಚ್ಚು ಉಳಿಯುವುದಿಲ್ಲವಾದ್ದರಿಂದ ಅದೊಂದೇ ಸಾಲದು.

ಇಡೀ ಹಿತ್ತಲಿನ ಎಲೆಯನ್ನು ವರ್ಷವೂ ಸುಟ್ಟರೆ ಮಣ್ಣಿಗೆ ಉಳಿಯುವುದೇನು? ನನ್ನ ತಕರಾರು ಅಷ್ಟೇ.

ಸಿದ್ದಾಪುರದ ದಾದಿ

ಎಲೆ ವಿಷಯ ಬಂದಾಗ ಆರೋಗ್ಯದ ಮಾತನ್ನು ಹೇಳದೆ ಇರಲಾರೆ. ನಾನು ಈ ತಾಲೂಕಿನಲ್ಲೇ ಕೆಲಸ ಮಾಡುವವಳು.

ಮನೆ ಹಿತ್ತಲಿನ ಎಲೆ ಗುಡಿಸುವುದು ಬೇರೆ, ಕಾಡಿನಿಂದ ದರಕು ತರುವುದು ಬೇರೆ. ಮಂಗನ ಕಾಯಿಲೆ ಗೊತ್ತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ವೈರಸ್ ಅದು. ಸೊರಬ ನಮಗೆ ಪಕ್ಕದ ತಾಲೂಕು. ಉಣುಗಿನಿಂದ ಹರಡುತ್ತದೆ. ಮರಿ ಉಣುಗು ಜಾಸ್ತಿ ಇರುವುದು ಡಿಸೆಂಬರ್‌ನಿಂದ ಮೇ ವರೆಗೆ. ನಮ್ಮವರು ದರಕು ಗುಡಿಸಲು ಬೆಟ್ಟಕ್ಕೆ ಹೋಗುವುದೂ ಸರಿಯಾಗಿ ಅದೇ ತಿಂಗಳುಗಳಲ್ಲಿ. ಮರಿ ಉಣುಗು ಎಳ್ಳಿನ ಕಾಳಿಗಿಂತ ಸಣ್ಣದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಹೋಗಲೇಬೇಕಾದರೆ ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ ಸೇರಿಸಿ. ಉಣುಗು ಹತ್ತದಂತೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ತಂದ ಎಲೆಯ ಮೇಲೆ ಕೂರಬೇಡಿ, ಮಕ್ಕಳನ್ನು ಆಡಲು ಬಿಡಬೇಡಿ. ಎಲ್ಲಾದರೂ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಆ ಸುತ್ತಮುತ್ತಲಿನ ಎಲೆ ಮುಟ್ಟಬೇಡಿ. ಕಾಡಿಗೆ ಹೋಗಿ ಬಂದವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮನೆಯಲ್ಲಿ ಮಾತ್ರೆ ನುಂಗಿ ಕೂರಬೇಡಿ. ಡಾಕ್ಟರಿಗೆ ಬೆಟ್ಟಕ್ಕೆ ಹೋಗಿದ್ದೆ ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಮಾತು ಜೀವ ಉಳಿಸಬಹುದು.

ಕೋಡಿಬಾಗ ಹಿತ್ತಲು, ಕಾರವಾರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಧನ್ಯವಾದ. ಬೆಂಕಿ ಹಚ್ಚುವುದಿಲ್ಲ, ಮಡಲಿನ ಗೂಡನ್ನೇ ಕಟ್ಟುತ್ತೇನೆ. ಇನ್ನೆರಡು ಪ್ರಶ್ನೆ. ಕಡಲ ದಂಡೆಯಲ್ಲಿ ಗಾಳಿಮರದ ಸೂಜಿ ಎಲೆ ರಾಶಿ ರಾಶಿ ಬಿದ್ದಿರುತ್ತದೆ, ಅದನ್ನು ತಂದು ಹಾಕಬಹುದಾ? ಮತ್ತೆ ಹಾವಿನ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಅವರಿಗೆ ಅದೇ ಭಯ.

ಗಜನಿ ದಂಡೆ, ಕುಮಟಾ

ಗಾಳಿಮರದ ಬಗ್ಗೆ ನಾನು ಹೇಳುತ್ತೇನೆ. ಆ ಮರಕ್ಕೂ ನಿಮ್ಮ ಊರಿಗೂ ಹಳೇ ನಂಟು. ನಮ್ಮ ದೇಶದಲ್ಲಿ ಗಾಳಿಮರದ ಮೊದಲ ತೋಪು ಎದ್ದದ್ದು ಕಾರವಾರದಲ್ಲಿ, 1868ರ ಸುಮಾರಿಗೆ, ಸೌದೆಗಾಗಿ. ಅದರ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಸೂಕ್ಷ್ಮಜೀವಿ ಇದೆ, ಹಾಗಾಗಿಯೇ ಬರೀ ಮರಳಿನಲ್ಲೂ ಬೆಳೆಯುತ್ತದೆ. ಆದರೆ ಉದುರಿದ ಸೂಜಿ ಮಾತ್ರ ಕೊಳೆಯಲು ಬಹಳ ಕಾಲ ತೆಗೆದುಕೊಳ್ಳುತ್ತದೆ. ಗೊಬ್ಬರದ ಗೂಡಿಗೆ ಹಾಕಬೇಡಿ. ತರಕಾರಿ ಮಡಿಗೂ ಬೇಡ, ಅದರಡಿಯಲ್ಲಿ ಬೇರೆ ಬೀಜ ಸರಿಯಾಗಿ ಮೊಳೆಯುವುದಿಲ್ಲ. ಓಡಾಡುವ ದಾರಿಗೆ, ಅನಾನಸ್ ಸಾಲಿನ ನಡುವೆ ದಪ್ಪಗೆ ಹಾಸಿದರೆ ಕಳೆ ಏಳುವುದಿಲ್ಲ. ಅಕೇಶಿಯಾ ಎಲೆಗೂ ಇದೇ ಮಾತು. ದಂಡೆಯಿಂದ ಪೂರ್ತಿ ಬಳಿದು ತರಬೇಡಿ. ಆ ಸೂಜಿ ಹಾಸು ಮರಳು ಹಾರದಂತೆ ಹಿಡಿದಿದೆ.

ನಿಮ್ಮ ಬಾವಿ ನೀರು ಉಪ್ಪಾಗುತ್ತದೆ ಎಂದಿರಿ. ನನಗೆ ಅದೇ ದೊಡ್ಡ ವಿಷಯ ಅನ್ನಿಸಿತು. ನಾವು ಅಘನಾಶಿನಿ ದಂಡೆಯವರು, ಉಪ್ಪು ನಮ್ಮ ಜೊತೆಗೇ ಇದೆ. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಉಪ್ಪುನೀರು ನುಗ್ಗಿದರೂ ತಡೆದು ನಿಲ್ಲುತ್ತದೆ, ಅದಕ್ಕೆ ಗೊಬ್ಬರವನ್ನೂ ಹಾಕುವುದಿಲ್ಲ, ಉಬ್ಬರದ ಜೊತೆ ಬರುವ ಕೆಸರೇ ಸಾಕು. ಆದರೆ ತರಕಾರಿ ಕಗ್ಗ ಅಲ್ಲ. ಉಪ್ಪು ನೀರು ಹಾಕಿದಾಗ ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಉಳಿಯುತ್ತದೆ. ಬೋಳು ನೆಲದಲ್ಲಿ ಬಿಳಿ ಪೊರೆ ಕಟ್ಟುವುದು ಅದೇ. ನೆಲದ ಮೇಲೆ ನಾಲ್ಕು ಬೆರಳು ದಪ್ಪ ಎಲೆ ಇದ್ದರೆ ನೀರು ಆರುವುದು ಕಡಿಮೆ, ಹಾಕಬೇಕಾದ ನೀರೂ ಕಡಿಮೆ, ಹಾಗಾಗಿ ಉಪ್ಪು ಸೇರುವುದೂ ಕಡಿಮೆ. ಮಾರ್ಚ್‌ನಿಂದ ಮೇ ವರೆಗೆ ನಿಮಗೆ ಎಲೆ ಮುಚ್ಚಿಗೆ ಗೊಬ್ಬರಕ್ಕಿಂತಲೂ ನೀರಿನ ಲೆಕ್ಕದಲ್ಲಿ ಮುಖ್ಯ. ಮಳೆಗಾಲ ಬಂದು ಉಪ್ಪನ್ನು ತೊಳೆದು ಕೊಡುತ್ತದೆ.

ಕೆಂಪು ಮಣ್ಣಿನ ಭಾಗಕ್ಕೆ ಚಿಪ್ಪು ಸುಣ್ಣ ಹಾಕಿ. ನಮ್ಮ ಅಳಿವೆಯ ಕಪ್ಪೆಚಿಪ್ಪು ಸುಟ್ಟು ಮಾಡಿದ್ದು ಸಿಗುತ್ತದೆ. ಎಷ್ಟು ಹಾಕಬೇಕು ಎನ್ನುವುದಕ್ಕೆ ಒಮ್ಮೆ ಮಣ್ಣು ಪರೀಕ್ಷೆ ಮಾಡಿಸಿ. ಸಿರ್ಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಸುಣ್ಣವನ್ನೂ ಸಗಣಿ ಗೊಬ್ಬರವನ್ನೂ ಒಂದೇ ದಿನ ಹಾಕಬೇಡಿ, ಸಾರಜನಕ ಆವಿಯಾಗಿ ಹೋಗುತ್ತದೆ. ನಡುವೆ ಎರಡು ವಾರ ಬಿಡಿ.

ಕಾರವಾರದಲ್ಲಿದ್ದು ಮೀನು ಬಿಡುವುದುಂಟೇ? ಮೀನು ಹೆಚ್ಚಿದ ತಲೆ, ಕರುಳು, ಸಿಗಡಿ ಸಿಪ್ಪೆ ಎಲ್ಲ ತೆಂಗಿನ ಬುಡಕ್ಕೆ. ಬುಡದಿಂದ ಎರಡು ಮಾರು ದೂರ, ಮೊಣಕಾಲುದ್ದ ಗುಂಡಿಯಲ್ಲಿ ಹಾಕಿ, ಒಣ ಎಲೆ ಮುಚ್ಚಿ, ಮಣ್ಣು ಎಳೆದು ಮೇಲೊಂದು ಕಲ್ಲು ಹೇರಿ. ಇಲ್ಲದಿದ್ದರೆ ನಾಯಿ ಬಿಡುವುದಿಲ್ಲ. ತರಕಾರಿಗೆ ಬೇಕಾದರೆ ಮೀನಿನ ತ್ಯಾಜ್ಯದಷ್ಟೇ ತೂಕದ ಬೆಲ್ಲ ಬೆರೆಸಿ ಮುಚ್ಚಿದ ಡಬ್ಬದಲ್ಲಿ ತಿಂಗಳು ಕೊಳೆಯಲು ಬಿಡಿ. ಅದನ್ನು ತುಂಬಾ ತೆಳುವಾಗಿ ನೀರಿಗೆ ಹಾಕಿ ಬುಡಕ್ಕೆ ಕೊಡಬಹುದು.

ಮಿಂಚುಹುಳ, ಯಲ್ಲಾಪುರ

ಅತ್ತೆಯವರ ಭಯ ಸುಮ್ನೆ ಅಲ್ಲ. ತರಗೆಲೆಯ ಬಣ್ಣದ ಸಣ್ಣ ವಿಷದ ಹಾವುಗಳು ನಮ್ಮ ಕಡೆ ಇವೆ, ಎಲೆಯಲ್ಲಿ ಸುರುಳಿ ಸುತ್ತಿ ಮಲಗಿದರೆ ಕಾಣುವುದಿಲ್ಲ. ಅದಕ್ಕೆ ಎಲೆ ಗೂಡನ್ನು ಮನೆ ಗೋಡೆಗೆ, ಬಾವಿ ದಾರಿಗೆ, ಬಚ್ಚಲಿಗೆ ಹತ್ತಿರ ಮಾಡಬೇಡಿ. ಹಿತ್ತಲಿನ ದೂರದ ತುದಿ ಇರಲಿ. ದಾರಿ ಬೋಳಾಗಿರಲಿ. ಎಲೆಗೆ ಬರಿಗೈ ಹಾಕುವುದು ಬೇಡ, ಮೊದಲು ಕೋಲಿನಿಂದ ತಟ್ಟಿ, ಆಮೇಲೆ ಗುದ್ದಲಿ. ರಾತ್ರಿ ಟಾರ್ಚ್ ಇಲ್ಲದೆ ಹೋಗಬೇಡಿ. ಕಚ್ಚಿದರೆ ಕಟ್ಟುವುದು, ಕೊಯ್ಯುವುದು ಏನೂ ಬೇಡ, ನೇರ ಆಸ್ಪತ್ರೆಗೆ.

ಹಿತ್ತಲಿಗೆ ಹಾವು ಹೆಚ್ಚಾಗಿ ಬರುವುದು ಇಲಿಗಾಗಿ. ಅಕ್ಕಿ ತೊಳೆದ ನೀರಿನ ಗುಂಡಿ, ಊಟದ ಮುಸುರೆ, ಕಟ್ಟಿಗೆ ರಾಶಿ ಇಲಿಯನ್ನು ಕರೆಯುತ್ತವೆ. ಗೊಬ್ಬರದ ಗೂಡಿಗೆ ಅನ್ನ, ಮೀನು ಹಾಕದೆ ಬರೀ ಎಲೆ ಸೊಪ್ಪು ಹಾಕಿದರೆ ಇಲಿಗೆ ಅಲ್ಲಿ ಕೆಲಸ ಇಲ್ಲ. ಕೇರೆ ಹಾವು ಕಂಡರೆ ಬಿಟ್ಟುಬಿಡಿ. ಇಲಿ ಹಿಡಿಯುವುದರಲ್ಲಿ ಅದನ್ನು ಮೀರಿಸುವವರಿಲ್ಲ.

ಸೊಳ್ಳೆಗೆ ಬೇಕಾದದ್ದು ನಿಂತ ನೀರು. ಒದ್ದೆ ಎಲೆಯಲ್ಲಿ ಅದು ಮರಿ ಮಾಡುವುದಿಲ್ಲ. ತೆಂಗಿನ ಗರಟೆ, ಅಡಿಕೆ ಹಾಳೆ, ಹೂಕುಂಡದ ತಟ್ಟೆ, ಹಳೇ ಟೈರು, ಇವೇ ಡೆಂಗಿ ಸೊಳ್ಳೆಯ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ ಸಾಕು. ವಾರಕ್ಕೊಮ್ಮೆ ಎಲ್ಲವನ್ನೂ ಮಗುಚಿ ಹಾಕಿ.

ಇನ್ನು ಎಲೆ ಉಳಿಸಿಕೊಂಡ ಹಿತ್ತಲಿಗೆ ಯಾರು ಬರುತ್ತಾರೆ ಎಂದೂ ಹೇಳಬೇಕಲ್ಲ. ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ನವರಂಗ ಹಕ್ಕಿ ಬರುತ್ತದೆ. ಹಸಿರು ಬೆನ್ನು, ಹೊಟ್ಟೆಯಡಿ ಕೆಂಪು, ಕಣ್ಣಿಗೆ ಕಪ್ಪು ಪಟ್ಟಿ. ಮರದ ಮೇಲೆ ಹುಡುಕಬೇಡಿ, ನೆರಳಿನ ನೆಲದಲ್ಲಿ ಕುಪ್ಪಳಿಸಿ ಎಲೆ ಮಗುಚಿ ಹುಳು ಹೆಕ್ಕುತ್ತಿರುತ್ತದೆ. ಬೇಸಿಗೆಯ ತನಕ ಇರುತ್ತದೆ. ಹರಟೆಮಲ್ಲಗಳ ಗುಂಪು, ಹಾವುರಾಣಿ, ಕಪ್ಪೆ ಎಲ್ಲ ಹುಳು ತಿನ್ನುವವರೇ. ಬದನೆಗೆ ಪರಾಗ ಉದುರಿಸುವ ನೀಲಿ ಪಟ್ಟೆಯ ಜೇನು ಮಾತ್ರ ಬರಿ ನೆಲದಲ್ಲಿ, ಮಣ್ಣಿನ ಗೋಡೆಯಲ್ಲಿ ಗೂಡು ತೋಡುತ್ತದೆ. ಅದಕ್ಕಾಗಿ ಬಿಸಿಲು ಬೀಳುವ ಒಂದು ಮೂಲೆಯನ್ನು ಎಲೆ ಹಾಕದೆ ಬಿಡಿ.

ಸದಾಶಿವಗಡ ತೆಂಗು, ಕಾರವಾರ

ನಾಲ್ಕು ತೆಂಗು ಇದ್ದವರು ಗೊಬ್ಬರದ ಗೂಡು ಮಾಡುವಾಗ ಕೊಂಬಿನ ದುಂಬಿಯನ್ನು ಮರೆಯಬಾರದು. ಅದು ಮೊಟ್ಟೆ ಇಡುವುದು ಕೊಳೆತ ಸಗಣಿ, ಎಲೆಗೊಬ್ಬರ, ಸತ್ತ ತೆಂಗಿನ ಕಾಂಡದಲ್ಲಿ. ದೊಡ್ಡದಾದ ಮೇಲೆ ಹಾರಿ ಹೋಗಿ ಸುಳಿ ಕೊರೆಯುತ್ತದೆ. ಗರಿ ಬಿಚ್ಚಿದಾಗ ಕತ್ತರಿಯಲ್ಲಿ ತ್ರಿಕೋನ ಕತ್ತರಿಸಿದಂತೆ ಕಂಡರೆ ಇದರದ್ದೇ ಕೆಲಸ.

ಗೂಡನ್ನು ತಿಂಗಳಿಗೊಮ್ಮೆ ಮಗುಚಿ. ಹೆಬ್ಬೆರಳಿನಷ್ಟು ದಪ್ಪ, ಬಿಳಿ ಮೈ, ಕಂದು ತಲೆ, ಬಾಗಿ ಮಲಗಿದ ಹುಳು ಸಿಕ್ಕರೆ ಆರಿಸಿ ಕೋಳಿಗೆ ಹಾಕಿ. ಆ ಹುಳುವಿಗೆ ರೋಗ ತರುವ ಹಸಿರು ಶಿಲೀಂಧ್ರ ಮೆಟಾರೈಜಿಯಂ ಪುಡಿ ಸಿಗುತ್ತದೆ, ಅದನ್ನು ಗೊಬ್ಬರಕ್ಕೆ ಬೆರೆಸಬಹುದು. ಎರೆಹುಳುವಿಗೆ, ದನಕ್ಕೆ, ನಮಗೆ ಅದರಿಂದ ತೊಂದರೆ ಇಲ್ಲ. ಒರಲೆ (ಗೆದ್ದಲು) ಕಾಟ ಇದ್ದರೆ ಎಲೆ ಮುಚ್ಚಿಗೆಯನ್ನು ಗಿಡದ ಕಾಂಡದಿಂದ ಒಂದು ಗೇಣು ದೂರ ಇಡಿ.

ಮಲ್ಲಿಗೆ ಮನೆ, ಭಟ್ಕಳ

ಇನ್ನೊಂದು ಪ್ರಶ್ನೆ. ನಮ್ಮ ಹಿತ್ತಲು ಚಿಕ್ಕದು, ಮರ ಕಡಿಮೆ. ಎಲೆ ಎಲ್ಲಿಂದ ತರುವುದು? ಗುಡ್ಡದ ಕಾಡಿನಿಂದ ಪಿಕಪ್‌ನಲ್ಲಿ ತರಿಸಿಕೊಡುತ್ತೇನೆ ಎಂದು ಒಬ್ಬರು ಹೇಳಿದ್ದಾರೆ.

ಬೆಟ್ಟದಂಚು, ಸಿರ್ಸಿ

ಬೇಡ ತಂಗೀ. ಎಲೆ ಇಲ್ಲದಿದ್ದರೆ ಕಾಡಿಗೂ ಕಷ್ಟವೇ.

ನಾವು ಸೊಪ್ಪಿನ ಬೆಟ್ಟದವರೇ ಇದನ್ನು ಕಣ್ಣಾರೆ ನೋಡುತ್ತಿದ್ದೇವೆ. ದರಕನ್ನು ಪೊರಕೆ ಹಾಕಿ ನೆಲ ಕಾಣುವಂತೆ ಗುಡಿಸಿದ ಬೆಟ್ಟದಲ್ಲಿ ಹೊಸ ಸಸಿ ಏಳುವುದಿಲ್ಲ. ಬಿದ್ದ ಬೀಜವೂ ಎಲೆಯ ಜೊತೆ ಗೊಬ್ಬರಗುಂಡಿಗೆ ಬರುತ್ತದೆ. ಮಳೆ ಹನಿ ನೇರ ಮಣ್ಣಿಗೆ ಬಡಿದು ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕೆಳಗಿನ ಹಳ್ಳ ಬೇಗ ಬತ್ತುತ್ತದೆ. ಈಗ ತಿಳಿದವರು ಬೆಟ್ಟದಲ್ಲಿ ಅರ್ಧ ಎಲೆ ಬಿಟ್ಟೇ ತರುತ್ತಾರೆ. ಸೊಪ್ಪನ್ನೂ ಒಂದೇ ಮರದಿಂದ ವರ್ಷವೂ ಕಡಿಯುವುದಿಲ್ಲ. ಮಾರಾಟಕ್ಕೆ ಗಾಡಿ ತುಂಬ ಎಲೆ ಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅರಣ್ಯ ಇಲಾಖೆ ಕಾಡಿನಿಂದ ಹಾಗೆ ಒಯ್ಯಲು ಬಿಡುವುದೂ ಇಲ್ಲ.

ಭಟ್ಕಳದಂಥ ಪೇಟೆಯಲ್ಲಿ ಎಲೆಗೆ ಬರ ಇಲ್ಲ. ಶಾಲೆ, ಆಸ್ಪತ್ರೆ, ದೇವಸ್ಥಾನದ ಅಂಗಳದಲ್ಲಿ ಗುಡಿಸಿ ಸುಡುತ್ತಾರಲ್ಲ, ಅದನ್ನು ಕೇಳಿ ಪಡೆಯಿರಿ. ಪ್ಲಾಸ್ಟಿಕ್ ಆರಿಸಿ ತೆಗೆದರಾಯಿತು. ಬೇಲಿಗೆ ಗ್ಲಿರಿಸಿಡಿಯಾ ನೆಡಿ. ಹೊಳೆ ಬದಿ ಜಾಗ ಇದ್ದರೆ ಹೊಂಗೆ ನೆಡಿ, ಸೊಪ್ಪೂ ಆಯಿತು, ಹಿಂಡಿಯೂ ಆಯಿತು.

ಬಸಳೆ ಚಪ್ಪರ, ಅಂಕೋಲಾ

ಮರ ನೆಡುವ ಮಾತು ಬಂದಿದ್ದಕ್ಕೆ ಸೇರಿಸುತ್ತೇನೆ. ನಮ್ಮ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದ ಮೇಲೆ ದೇಶಕ್ಕೆಲ್ಲ ಗೊತ್ತಾದರು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ಜೀವಮಾನವಿಡೀ ದುಡಿದ ಹಾಲಕ್ಕಿ ಸಮುದಾಯದ ಹೆಂಗಸು. ಕಾಡಿನಲ್ಲಿ ತಾಯಿಮರ ಗುರುತಿಸಿ, ಸರಿಯಾದ ಹೊತ್ತಿಗೆ ಬೀಜ ಎತ್ತಿ ಸಸಿ ಮಾಡುವ ವಿದ್ಯೆ ಅವರದು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮಗೆ ಅಷ್ಟೆಲ್ಲ ಬರದಿದ್ದರೂ ಹಿತ್ತಲ ಒಂದು ಮೂಲೆಯಲ್ಲಿ ಮುರುಗಲು ಅಥವಾ ಅಪ್ಪೆಮಿಡಿ ಗಿಡ ಇಡಬಹುದು. ಅಂಕೋಲೆಯವರಾದರೆ ಕರಿ ಇಶಾಡ ಮಾವಿನ ಕಸಿ ಇಡಿ. ನೆರಳು, ಎಲೆ, ಹಣ್ಣು ಮೂರೂ ಸಿಗುತ್ತದೆ.

ತರಕಾರಿ ಬೀಜಕ್ಕೆ ಸಿರ್ಸಿಯ ವನಸ್ತ್ರೀ ಬಳಗವನ್ನು ಕೇಳಿ. 2001ರಿಂದ ಮಲೆನಾಡಿನ ಹೆಂಗಸರು ಸೇರಿ ಹಿತ್ತಲ ಬೀಜಗಳನ್ನು ಉಳಿಸಿ ಹಂಚಿಕೊಳ್ಳುತ್ತಿದ್ದಾರೆ. ಅಂಗಡಿಯ ಹೈಬ್ರಿಡ್ ಬೀಜ ತಂದರೆ ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಲಾಗುವುದಿಲ್ಲ. ನಾಟಿ ಹೀರೆ, ಹಾಲು ಬೆಂಡೆ, ಮೊಗೆಕಾಯಿ ನಮ್ಮ ಮಳೆ ಕಂಡು ಪಳಗಿದವು. ಬೆಂಡೆಯ ಚೆಂದದ ಗಿಡದಲ್ಲಿ ಎರಡು ಕಾಯಿ ಒಣಗಲು ಬಿಡಿ. ಬೀಜವನ್ನು ಬೂದಿಯಲ್ಲಿ ಕಲೆಸಿ, ಗಾಳಿಯಾಡದ ಡಬ್ಬದಲ್ಲಿಡಿ.

ಬಸಳೆ ಬೇಕಾದವರು ನನಗೆ ತಿಳಿಸಿ. ಮಳೆ ಹಿಡಿದ ಮೇಲೆ ಅಂಕೋಲಾ ಸಂತೆಯ ದಿನ ಬಳ್ಳಿ ತಂದುಕೊಡುತ್ತೇನೆ. ಕೆಂಪು ದಂಟಿನದೂ ಇದೆ, ಹಸಿರಿನದೂ ಇದೆ. ಮೂರು ಗೆಣ್ಣು ಇರುವ ತುಂಡು, ಎರಡು ಗೆಣ್ಣು ಮಣ್ಣಿನೊಳಗೆ, ಒಂದು ಮೇಲೆ. ಏರು ಮಡಿಯಲ್ಲಿ ಓರೆಯಾಗಿ ನೆಡಿ. ಎಲೆಯ ಮೇಲೆ ಕೆಂಪಂಚಿನ ಚುಕ್ಕೆ ಬಂದರೆ ಆ ಎಲೆಗಳನ್ನು ಕಿತ್ತು ದೂರ ಹುಗಿಯಿರಿ, ಈ ಗೊಬ್ಬರದ ಗೂಡಿಗೆ ಹಾಕಬೇಡಿ.